‘ಹಿಡಾಲ್ಗೊ’ದ ಮರುಭೂಮಿ, ನಮ್ಮೂರ ಶರ್ಯತ್ತು

ಹಾಲಿವುಡ್ಡಿನ ‘ಹಿಡಾಲ್ಗೊ’ ತೆರೆಗೆ ಬಂದದ್ದು 2004ರಲ್ಲಿ. ಜೋ ಜಾನ್‌ಸ್ಟನ್ ನಿರ್ದೇಶಕ, ವಿಗೊ ಮಾರ್ಟೆನ್ಸನ್ ನಾಯಕ. ಷೇಖ್ ರಿಯಾದ್‌ನ ಪಾತ್ರದಲ್ಲಿ ಈಜಿಪ್ಟಿನ ಹಿರಿಯ ನಟ ಓಮರ್ ಷರೀಫ್. ಫ್ರಾಂಕ್ ಹಾಪ್ಕಿನ್ಸ್ ಎಂಬ ಅಮೆರಿಕನ್ ಸವಾರ ತನ್ನ ಮಸ್ಟಾಂಗ್ ಕುದುರೆಯನ್ನು ಹಡಗು ಹತ್ತಿಸಿಕೊಂಡು ಅರೇಬಿಯಕ್ಕೆ ಹೋಗಿ, 3,000 ಮೈಲಿಗಳ ಮರಳುಗಾಡಿನ ಸ್ಪರ್ಧೆಯಲ್ಲಿ ಅರಬರ ಕುಲೀನ ಕುದುರೆಗಳನ್ನೆಲ್ಲ ಹಿಂದೆ ಹಾಕುವುದು ಇದರ ಕಥೆ. ನಿಜವಾಗಿ ನಡೆದದ್ದೆಂದೇ ಇದನ್ನು ಪ್ರಚಾರ ಮಾಡಲಾಯಿತು.

ನಡೆದದ್ದೆಂಬುದಕ್ಕೆ ಇರುವ ಸಾಕ್ಷಿ ಹಾಪ್ಕಿನ್ಸನ ಸ್ವಂತ ಮಾತು ಮಾತ್ರ. ಕುದುರೆಯ ಮೇಲೆ ದೀರ್ಘಯಾನ ಮಾಡಿದವರ ‘ಲಾಂಗ್ ರೈಡರ್ಸ್ ಗಿಲ್ಡ್’ ಎಂಬ ಸಂಸ್ಥೆ ಈ ಮಾತಿನ ಬೆನ್ನು ಹತ್ತಿ ಹೋಯಿತು. ಇಂಥ ಸ್ಪರ್ಧೆಯ ಸುಳಿವು ಎಲ್ಲಿಯೂ ಸಿಗಲಿಲ್ಲ. 3,000 ಮೈಲಿ ಎಂದರೆ 4,800 ಕಿ.ಮೀ.ಗೂ ಮೇಲೆ. ಹುಬ್ಬಳ್ಳಿಯಿಂದ ದಿಲ್ಲಿಗೆ ಹೋಗಿ, ತಿರುಗಿ ಬಂದು, ಮತ್ತೆ ದಿಲ್ಲಿಯ ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸಾಗಿದಂತೆ. ಅಷ್ಟು ದೂರ, ನೀರಿಲ್ಲದ ನಾಡಿನಲ್ಲಿ, ಒಂದೇ ಕುದುರೆಯ ಮೇಲೆ!

ಅರಬರ ಚಿತ್ರಣದ ಬಗ್ಗೆ ನಮ್ಮ ದೂರು ಹಳೆಯದು. ಜಾಕ್ ಶಾಹೀನ್ 2001ರ ತಮ್ಮ ಪುಸ್ತಕದಲ್ಲಿ 900ಕ್ಕೂ ಹೆಚ್ಚು ಹಾಲಿವುಡ್ ಚಿತ್ರಗಳನ್ನು ಪರಿಶೀಲಿಸಿ ತೋರಿಸಿದ ಕುತಂತ್ರಿ ರಾಜಕುಮಾರ, ಪರದೆಯ ಹಿಂದೆ ಬಿಡುಗಡೆಗೆ ಕಾದಿರುವ ಮಗಳು, ಗುಲಾಮ ಹುಡುಗ ಎಲ್ಲರೂ ಇಲ್ಲಿಯೂ ಹಾಜರಿದ್ದಾರೆ. ಆದರೆ ನ್ಯಾಯವಾಗಿ ಹೇಳುವುದಾದರೆ, ಓಮರ್ ಷರೀಫ್ ತಮ್ಮ ಪಾತ್ರಕ್ಕೆ ಒಂದು ಘನತೆ ತಂದುಕೊಟ್ಟಿದ್ದಾರೆ. 1890ರ ಡಿಸೆಂಬರಿನಲ್ಲಿ ವೂಂಡೆಡ್ ನೀಯಲ್ಲಿ ಅಮೆರಿಕದ ಸೈನ್ಯ ಲಕೋಟ ಜನರನ್ನು ಕೊಂದದ್ದನ್ನು ಚಿತ್ರ ಮುಚ್ಚಿಡುವುದಿಲ್ಲ. ತನ್ನ ಮನೆಯ ಪಾಪವನ್ನು ಒಪ್ಪಿಕೊಳ್ಳುವ ಈ ಪ್ರಾಮಾಣಿಕತೆ, ಹಡಗು ಏಡನ್ನಿನ ಕಡೆ ತಿರುಗಿದೊಡನೆ ಎಲ್ಲಿ ಹೋಯಿತು ಎಂದು ಕೇಳಬೇಕೆನಿಸುತ್ತದೆ.

ಇಷ್ಟನ್ನೇ ಹೇಳಿ ಮುಗಿಸಿದರೆ ಚಿತ್ರದ ದೊಡ್ಡ ಸುಳ್ಳು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆ ಸುಳ್ಳು ಇರುವುದು ಕೊನೆಯ ಭಾಗದಲ್ಲಿ. ಹಿಡಾಲ್ಗೊ ಬೋನಿಗೆ ಬಿದ್ದು ಗಾಯಗೊಂಡಿದೆ, ಬಾಯಾರಿ ನೆಲ ಕಚ್ಚಿದೆ. ಹಾಪ್ಕಿನ್ಸ್ ಅದನ್ನು ಗುಂಡಿಟ್ಟು ಕೊಲ್ಲಲು ಪಿಸ್ತೂಲು ತೆಗೆಯುತ್ತಾನೆ. ಆಗ ಪೂರ್ವಜರ ದರ್ಶನವಾಗುತ್ತದೆ, ಕುದುರೆ ಎದ್ದು ನಿಲ್ಲುತ್ತದೆ. ಜೀನು ಕೂಡ ಇಲ್ಲದ ಅದರ ಬೆನ್ನೇರಿ ಆತ ನಾಗಾಲೋಟದಲ್ಲಿ ಗೆದ್ದುಬಿಡುತ್ತಾನೆ. ನಾವು ಚಪ್ಪಾಳೆ ತಟ್ಟಬೇಕು.

ದೀರ್ಘದೂರದ ಕುದುರೆ ಸವಾರಿಯ ನಿಜವಾದ ಸ್ಪರ್ಧೆಗಳಲ್ಲಿ ಇಂಥ ಸವಾರನನ್ನು ಅಲ್ಲಿಯೇ ಇಳಿಸಿ, ಕುದುರೆಯನ್ನು ಚಿಕಿತ್ಸೆಗೆ ಒಯ್ಯುತ್ತಾರೆ. 1955ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಶುರುವಾದ ಟೆವಿಸ್ ಕಪ್ ಇವುಗಳಲ್ಲಿ ಹೆಸರುವಾಸಿ: ಬೇಸಿಗೆಯ ಕಾವಿನಲ್ಲಿ, ಬೆಟ್ಟ ಕಣಿವೆಗಳ ನಡುವೆ, 24 ಗಂಟೆಯೊಳಗೆ 100 ಮೈಲಿ. ಆಸ್ಟ್ರೇಲಿಯದ ಶಹಜಾದಾ ಸ್ಪರ್ಧೆಯಲ್ಲಿ 5 ದಿನಗಳಲ್ಲಿ 400 ಕಿ.ಮೀ. ಕ್ರಮಿಸಬೇಕು. ದಾರಿಯುದ್ದಕ್ಕೂ ಪಶುವೈದ್ಯರ ತಪಾಸಣೆ ಇರುತ್ತದೆ. ಎದೆಬಡಿತ ಇಂತಿಷ್ಟು ನಿಮಿಷಗಳಲ್ಲಿ ಇಳಿಯಲೇಬೇಕು. ಸಾಮಾನ್ಯವಾಗಿ ಆ ಮಿತಿ ನಿಮಿಷಕ್ಕೆ 64. ಕತ್ತಿನ ಚರ್ಮ ಚಿವುಟಿ ಬಿಟ್ಟರೆ ಅದು ಎಷ್ಟು ಬೇಗ ಸಮನಾಗುತ್ತದೆ, ವಸಡಿನ ಬಣ್ಣ ಹೇಗಿದೆ, ಕರುಳಿನ ಸದ್ದು ಕೇಳುತ್ತಿದೆಯೇ, ಓಡಿಸಿದರೆ ಕುಂಟುತ್ತದೆಯೇ, ಎಲ್ಲವನ್ನೂ ನೋಡುತ್ತಾರೆ. ಗೆರೆ ದಾಟಿದ ಮೇಲೂ ಈ ಪರೀಕ್ಷೆ ತಪ್ಪದು. ಅದರಲ್ಲಿ ಸೋತರೆ, ಮೊದಲು ಬಂದವನಿಗೂ ಬಹುಮಾನವಿಲ್ಲ. ಟೆವಿಸ್‌ನಲ್ಲಂತೂ ಮೊದಲು ಮುಗಿಸಿದವರ ನಡುವೆ ಅತ್ಯಂತ ಸುಸ್ಥಿತಿಯಲ್ಲಿರುವ ಕುದುರೆಗೇ ಒಂದು ಬೇರೆ ಪ್ರಶಸ್ತಿ ಇದೆ.

ಬಿಸಿಲಿನಲ್ಲಿ ಇದು ಇನ್ನೂ ಸೂಕ್ಷ್ಮ. ಓಡುವ ಕುದುರೆ ಗಂಟೆಗೆ ಹತ್ತು ಲೀಟರಿಗೂ ಹೆಚ್ಚು ಬೆವರಬಲ್ಲುದು. ಆ ಬೆವರಿನೊಂದಿಗೆ ಉಪ್ಪಿನಂಶವೂ ವಿಪುಲವಾಗಿ ಹರಿದುಹೋಗುತ್ತದೆ. ನಮ್ಮ ದೇಹ ಬೆವರಿದಾಗ ರಕ್ತದಲ್ಲಿ ಉಪ್ಪಿನ ಪ್ರಮಾಣ ಏರಿ ದಾಹ ಹುಟ್ಟುತ್ತದೆ. ಕುದುರೆಯಲ್ಲಿ ನೀರೂ ಉಪ್ಪೂ ಒಟ್ಟಿಗೆ ಹೋಗುವುದರಿಂದ, ನೀರು ಬೇಕೆಂಬ ಸೂಚನೆಯೇ ಮಂದವಾಗುತ್ತದೆ. ಒಣಗಿಹೋಗುತ್ತಿರುವ ಪ್ರಾಣಿ ನೀರಿನ ತೊಟ್ಟಿಯ ಮುಂದೆ ಸುಮ್ಮನೆ ನಿಲ್ಲಬಹುದು. ಅದಕ್ಕಾಗಿಯೇ ಸವಾರರು ದಾರಿಯಲ್ಲಿ ಉಪ್ಪಿನ ದ್ರಾವಣ ಕುಡಿಸುತ್ತಾರೆ, ಮೈಮೇಲೆ ತಣ್ಣೀರು ಸುರಿಯುತ್ತಾರೆ, ಎಷ್ಟೋ ಸಲ ಇಳಿದು ಪಕ್ಕದಲ್ಲಿ ನಡೆಯುತ್ತಾರೆ. ಸೆಕೆಯೂ ಸೇರಿದರೆ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. 2018ರಲ್ಲಿ ಅಮೆರಿಕದ ಟ್ರಯಾನ್‌ನಲ್ಲಿ ನಡೆದ ವಿಶ್ವ ಕ್ರೀಡಾಕೂಟದಲ್ಲಿ ಈ ಸ್ಪರ್ಧೆಯನ್ನು ಶಾಖ ಮತ್ತು ಆರ್ದ್ರತೆಯ ಕಾರಣ ನಡುವೆಯೇ ರದ್ದು ಮಾಡಬೇಕಾಯಿತು. ಅಲ್ಲಿ ಯಾವ ಪೂರ್ವಜರೂ ಇಳಿದು ಬರಲಿಲ್ಲ.

ಈ ಎಚ್ಚರ ಪಶ್ಚಿಮದ ಹೊಸ ಆವಿಷ್ಕಾರವೇನೂ ಅಲ್ಲ. ಪ್ರವಾದಿಯವರು ಮದೀನಾದಲ್ಲಿ ನಡೆಸಿದ ಕುದುರೆ ಓಟದ ವಿವರ ಹದೀಸ್ ಗ್ರಂಥಗಳಲ್ಲಿದೆ. ಆಹಾರ ನಿಯಂತ್ರಿಸಿ, ಮೈ ಬೆವರಿಸಿ ಸಜ್ಜುಗೊಳಿಸಿದ ಕುದುರೆಗಳಿಗೆ ಐದಾರು ಮೈಲಿಯ ದೂರ. ಹಾಗೆ ತಯಾರಾಗದವುಗಳಿಗೆ ಸುಮಾರು ಒಂದು ಮೈಲಿ ಮಾತ್ರ. ದೂರವನ್ನು ಸವಾರನ ಹಟ ನಿರ್ಧರಿಸಲಿಲ್ಲ, ಕುದುರೆಯ ತಯಾರಿ ನಿರ್ಧರಿಸಿತು. ‘ಹಿಡಾಲ್ಗೊ’ ಅರಬರಿಂದ ಕಿತ್ತುಕೊಂಡದ್ದು ಇದನ್ನು. ಕುದುರೆಯ ಆರೈಕೆ ಬಲ್ಲವರನ್ನು ಬರೀ ಅದರ ವಂಶಾವಳಿಯ ಹುಚ್ಚಿನವರನ್ನಾಗಿ ತೋರಿಸಿತು.

ಅರಬಿ ಕುದುರೆಗಳು ಹಡಗೇರಿ ನಮ್ಮ ಕಡೆಗೂ ಬಂದವು. ಹೊರ್ಮುಜ್‌ನಿಂದ ಭಟ್ಕಳಕ್ಕಿಳಿದು ವಿಜಯನಗರ ಸೇರಿದವು. ಅದಕ್ಕೂ ಹಿಂದೆ, 13ನೆಯ ಶತಮಾನದ ಕೊನೆಗೆ, ಪಾಂಡ್ಯರ ಕರಾವಳಿಯನ್ನು ಕಂಡ ಮಾರ್ಕೊ ಪೋಲೊ ಒಂದು ಕಹಿ ಸಂಗತಿ ಬರೆದಿದ್ದಾನೆ. ಆರೈಕೆ ಬಲ್ಲವರಿಲ್ಲದೆ ಅಲ್ಲಿ ಕುದುರೆಗಳು ಸಾಯುತ್ತಿದ್ದವಂತೆ. ನಾಲ ಬಡಿಯುವವರು ಆ ನಾಡಿಗೆ ಹೋಗದಂತೆ ವ್ಯಾಪಾರಿಗಳೇ ತಡೆಯುತ್ತಿದ್ದರಂತೆ. ಕುದುರೆ ಸತ್ತರೆ ತಾನೆ ಮತ್ತೊಂದು ಮಾರಾಟ! ಆ ಕಸುಬುದಾರರು ಮುಂದೆ ಬಂದೇ ಬಂದರು. ಹುಬ್ಬಳ್ಳಿ-ಧಾರವಾಡದ ಕಡೆ ನಾಲಬಂದ ಎಂಬುದು ಇಂದಿಗೂ ಮುಸ್ಲಿಂ ಮನೆತನಗಳ ಅಡ್ಡಹೆಸರು. ಟಾಂಗಾ ಕುದುರೆಯ ಗೊರಸನ್ನು ಮಡಿಲಲ್ಲಿಟ್ಟುಕೊಂಡು ಕೆತ್ತುತ್ತಿದ್ದ, ಎತ್ತನ್ನು ಕೆಡವಿ ನಾಲ ಕಟ್ಟುತ್ತಿದ್ದ ಆ ಕೈಗಳ ಬಗ್ಗೆ ಯಾರೂ ಚಿತ್ರ ತೆಗೆದಿಲ್ಲ.

ಈ ಹೆಮ್ಮೆಯ ಜೊತೆಗೇ ಇನ್ನೊಂದನ್ನೂ ಹೇಳಬೇಕು. ಇಂದು ಕೊಲ್ಲಿಯ ಶ್ರೀಮಂತ ರಾಷ್ಟ್ರಗಳು ಈ ಕ್ರೀಡೆಗೆ ಅಪಾರ ಹಣ ಸುರಿದಿವೆ. ಸಮತಟ್ಟಾದ ಮರಳಿನ ದಾರಿಯಲ್ಲಿ ತಾಳ್ಮೆಯ ಸವಾರಿ ವೇಗದ ರೇಸಾಗಿ ಬದಲಾಯಿತು. ಕಾಲು ಮುರಿದುಕೊಂಡು ಕುದುರೆಗಳು ಸತ್ತವು. 2015ರ ಮಾರ್ಚಿನಲ್ಲಿ ಅಂತಾರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟ ಯುಎಇಯ ಒಕ್ಕೂಟವನ್ನೇ ಕೆಲವು ತಿಂಗಳು ಅಮಾನತಿನಲ್ಲಿಟ್ಟಿತು. 2016ರ ವಿಶ್ವ ಚಾಂಪಿಯನ್‌ಷಿಪ್ ದುಬೈಯ ಕೈತಪ್ಪಿ ಸ್ಲೊವಾಕಿಯಕ್ಕೆ ಹೋಯಿತು. ಹಾಲಿವುಡ್ ಅರಬನನ್ನು ಕೆಟ್ಟವನಾಗಿ ತೋರಿಸಿದಾಗ ಮುನಿಯುವ ನಾವು, ಅರಬನ ಕುದುರೆ ನಿಜವಾಗಿ ಬಿದ್ದಾಗ ಏನೂ ಬರೆಯುವುದಿಲ್ಲ. ನೂರನೆಯ ಅಧ್ಯಾಯಕ್ಕೆ ಓಡುವ ಕುದುರೆಗಳ ಹೆಸರಿರುವ ಗ್ರಂಥವನ್ನು ದಿನವೂ ಓದುವವರಿಗೆ ಈ ಮೌನ ಒಪ್ಪುವಂಥದಲ್ಲ.

ದುಬೈ ದೂರವಾಯಿತು ಎನ್ನುವವರು ಉತ್ತರ ಕರ್ನಾಟಕದ ಜಾತ್ರೆ, ಉರುಸುಗಳ ಹಂಗಾಮಿನಲ್ಲಿ ನಡೆಯುವ ಗಾಡಿ ಓಟಗಳನ್ನು ನೋಡಬಹುದು. ನಾವು ಅದಕ್ಕೆ ಶರ್ಯತ್ತು ಎನ್ನುತ್ತೇವೆ. ಅರಬಿಯ ‘ಶರ್ತ್’ ಮರಾಠಿಯ ದಾರಿ ಹಿಡಿದು ನಮ್ಮಲ್ಲಿಗೆ ಬಂದದ್ದು. ಮೂಲದಲ್ಲಿ ಕರಾರು ಎಂದರ್ಥ. ಗಾಡಿಯವನಿಗೂ ಪಂಚರಿಗೂ ಕರಾರು ಉಂಟು, ಓಡುವ ಪ್ರಾಣಿಯ ಪರವಾಗಿ ಕರಾರು ಮಾಡುವವರಿಲ್ಲ. ಏಪ್ರಿಲ್ಲಿನ ಬಿಸಿಲಿಗೆ ಕಾದ ಡಾಂಬರು, ಚಾವಟಿ, ಪಕ್ಕದಲ್ಲಿ ಅರಚುತ್ತ ಓಡುವ ಮೋಟಾರ್ ಸೈಕಲ್ಲುಗಳು. ಕಂಬಳ ಮತ್ತು ಎತ್ತಿನ ಗಾಡಿ ಓಟಕ್ಕೆ 2017ರ ರಾಜ್ಯ ತಿದ್ದುಪಡಿಯ ರಕ್ಷಣೆ ಸಿಕ್ಕಿತು, 2023ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿ ಹಿಡಿಯಿತು. ಪರಂಪರೆ ಉಳಿಯಲಿ, ನಮ್ಮ ತಕರಾರಿಲ್ಲ. ಓಟ ಬೆಳಗ್ಗೆ ಎಂಟರೊಳಗೆ ಮಣ್ಣಿನ ದಾರಿಯಲ್ಲಿ ಮುಗಿಯಲಿ; ಗೆರೆಯ ಆಚೆ ಒಬ್ಬ ಪಶುವೈದ್ಯ, ಒಂದು ತೊಟ್ಟಿ ನೀರು ಇರಲಿ; ಎದೆಬಡಿತ ಇಳಿಯುವ ತನಕ ಬೆಳ್ಳಿ ಗದೆಯನ್ನು ಯಾರ ಕೈಗೂ ಕೊಡದಿರಲಿ. ಉರುಸು ಕಮಿಟಿಗಳೇ ಮೊದಲು ಇದನ್ನು ಜಾರಿಗೆ ತಂದರೆ ನೆರೆಯ ಜಾತ್ರೆಯವರೂ ಕೇಳಿಯಾರು.