ಹದವಾಗಿ ಹಿಡಿಯುವ ಕ್ಲಚ್ಚು

ಒಳ್ಳೆಯ ಕ್ಲಚ್ಚನ್ನು ಗುರುತಿಸಬೇಕಾದ್ದು ಅಂಗಾಲಿನಿಂದ. ಅರವತ್ತರ ದಶಕದ ಕಬ್ ಕೆಡೆಟ್ ಗಾರ್ಡನ್ ಟ್ರ್ಯಾಕ್ಟರನ್ನು ಮೊದಲ ಗೇರಿಗೆ ಹಾಕಿ, ಪೆಡಲನ್ನು ಆತುರಪಡದೆ ಬಿಡುತ್ತ ಬನ್ನಿ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಎಂಜಿನ್ನಿನ ದನಿ ತುಸು ತಗ್ಗುತ್ತದೆ, ಗಾಡಿಯ ಮೈಯೆಲ್ಲ ಒಮ್ಮೆ ಬಿಗಿಯಾಗುತ್ತದೆ, ಹಿಂದಿನ ಟೈರು ಹುಲ್ಲನ್ನು ಒತ್ತಿಕೊಂಡು ಹೊರಡುತ್ತದೆ. ನಿಂತದ್ದು ಯಾವಾಗ ಚಲಿಸಿತು ಎಂದು ಹೇಳಲಾಗುವುದಿಲ್ಲ. ಕ್ಲಚ್ಚಿನ ರಸವೆಲ್ಲ ಇರುವುದು ಆ ಜಾರಿಕೆಯಲ್ಲಿ, ಪೂರ್ತಿ ಹಿಡಿಯುವ ಮುಂಚಿನ ಆ ಒಂದು ಗಳಿಗೆಯಲ್ಲಿ.

ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ಅಮೆರಿಕದ ಕೆಂಟಕಿಯ ಲೂಯಿವಿಲ್ ಕಾರ್ಖಾನೆಯಲ್ಲಿ ಮಾಡಿದ ಗಾಡಿ ಇದು. ಹೊಲದ ಟ್ರ್ಯಾಕ್ಟರು ಕಟ್ಟಿದ ಕೈಗಳೇ ಮನೆಯಂಗಳದ ಗಾಡಿಯನ್ನೂ ಕಟ್ಟಿದವು. ಅದರ ಗೇರ್‌ಬಾಕ್ಸು ಫಾರ್ಮಾಲ್ ಕಬ್ ಎಂಬ ಪುಟ್ಟ ಹೊಲದ ಟ್ರ್ಯಾಕ್ಟರಿನ ವಂಶದ್ದು. 1961ರ ಮೊದಲ ಮಾದರಿಯಲ್ಲಿ ಕೋಹ್ಲರ್ ಕಂಪನಿಯ 7 ಅಶ್ವಶಕ್ತಿಯ ಎಂಜಿನ್ನಿತ್ತು, ಶಕ್ತಿ ಬೆಲ್ಟಿನ ಮೂಲಕ ಕೆಳಗಿನ ಶಾಫ್ಟಿಗೆ ಇಳಿಯುತ್ತಿತ್ತು. 1963ರಲ್ಲಿ 70 ಮತ್ತು 100ನೇ ಮಾದರಿಗಳು ಬಂದಾಗ ಬೆಲ್ಟು ಹೋಯಿತು. ಎಂಜಿನ್ನಿನಿಂದ ಗೇರ್‌ಬಾಕ್ಸಿಗೆ ನೇರ ಶಾಫ್ಟು ಬಂತು. ಅದರೊಂದಿಗೆ ನಾನು ಮನಸೋತ ಕ್ಲಚ್ಚೂ ಬಂತು.

ಅದರಲ್ಲಿ ಅಡಗಿಸಿಟ್ಟದ್ದು ಏನೂ ಇಲ್ಲ. ಎಂಜಿನ್ನಿನೊಂದಿಗೆ ತಿರುಗುವ ಫ್ಲೈವೀಲ್ ಚಕ್ರಕ್ಕೆ ಬೋಲ್ಟು ಹಾಕಿ ಕೂರಿಸಿದ ಒಂದು ತಟ್ಟೆ, ಅದರಿಂದ ಹೊರಚಾಚಿದ ಮೂರು ಪಿನ್ನುಗಳು. ಆ ಪಿನ್ನುಗಳು ಒಂದು ಘರ್ಷಣೆಯ ಡಿಸ್ಕಿನ ರಂಧ್ರಗಳೊಳಗೆ ಸಡಿಲವಾಗಿ ಕೂತು ಅದನ್ನು ತಿರುಗಿಸುತ್ತವೆ. ಡಿಸ್ಕಿನ ಹಿಂದೊಂದು ಮುಂದೊಂದು ಪ್ರೆಶರ್ ಪ್ಲೇಟು. ಇವೆರಡೂ 5/8 ಇಂಚಿನ ಶಾಫ್ಟಿಗೆ ಸೇರಿದವು. ದೊಡ್ಡ ಸ್ಪ್ರಿಂಗು ಒತ್ತಿದಾಗ ಪ್ಲೇಟುಗಳು ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುತ್ತವೆ, ಶಾಫ್ಟು ತಿರುಗುತ್ತದೆ. ಪೆಡಲ್ ತುಳಿದರೆ ಸ್ಪ್ರಿಂಗು ಹಿಂದೆ ಸರಿಯುತ್ತದೆ, ಡಿಸ್ಕು ತನ್ನ ಪಾಡಿಗೆ ಸುತ್ತುತ್ತಿರುತ್ತದೆ. ಇಷ್ಟೇ ಆಗಿದ್ದರೆ ಗಾಡಿ ಪ್ರತಿ ಸಲವೂ ಜಗ್ಗುತ್ತಿತ್ತು. ಅದಕ್ಕೇ ಶಾಫ್ಟಿನ ಮೇಲೆ ಇನ್ನೊಂದು ಪುಟ್ಟ ಸ್ಪ್ರಿಂಗನ್ನು ಸೇರಿಸಿದ್ದಾರೆ. ಅಲ್ಲಿಯವರು ಅದನ್ನು ಟೀಸರ್ ಸ್ಪ್ರಿಂಗ್ ಎನ್ನುತ್ತಾರೆ. ದೊಡ್ಡದರ ಪೂರ್ತಿ ಒತ್ತಡ ಬೀಳುವ ಮುನ್ನ ಮೆಲ್ಲಗೆ ಹಿಡಿತ ಕೊಡುವುದು ಅದರ ಕೆಲಸ. ಎಂಥ ಸೂಕ್ಷ್ಮ ನೋಡಿ: ಹುಲ್ಲು ಕತ್ತರಿಸುವ ಗಾಡಿಯಲ್ಲಿ ಕೂರುವವನ ಬೆನ್ನಿನ ಬಗ್ಗೆ ಯಾರೋ ಯೋಚಿಸಿ, ಅಷ್ಟಕ್ಕೇ ಒಂದು ಸ್ಪ್ರಿಂಗನ್ನು ಮೀಸಲಿಟ್ಟಿದ್ದಾರೆ.

ಕೋಹ್ಲರಿನ ಹಳೆಯ ಬೀಡುಕಬ್ಬಿಣದ ಎಂಜಿನ್ನು ಸವೆದು ಹೋದಾಗ ಜನ ಹೊಸದನ್ನು ಕೂರಿಸುತ್ತಾರೆ. ಹೋಂಡಾ ಜಿಎಕ್ಸ್390 ಮತ್ತು ಅದರ ಪಡಿಯಚ್ಚಿನ ಎಂಜಿನ್ನುಗಳು ಸಲೀಸಾಗಿ ಸಿಗುತ್ತವೆ. ಕಾಗದದ ಮೇಲೆ ಜೋಡಿ ಸೊಗಸಾಗಿದೆ: ಕೋಹ್ಲರ್ ಕೆ241 ಸುಮಾರು 391 ಸಿಸಿ, ಹೋಂಡಾ 389. ವ್ಯತ್ಯಾಸ ಇರುವುದು ಫ್ಲೈವೀಲಿನಲ್ಲಿ. ಹಳೆಯದರ ಭಾರಿ ಕಬ್ಬಿಣದ ಚಕ್ರ ತಿರುಗುತ್ತ ತಿರುಗುತ್ತ ಶಕ್ತಿ ಕೂಡಿಟ್ಟುಕೊಂಡಿರುತ್ತದೆ; ಕ್ಲಚ್ ಬಿಟ್ಟ ಗಳಿಗೆಗೆ ಅದನ್ನು ಸಾಲವಾಗಿ ಕೊಡುತ್ತದೆ. ಹಗುರ ಚಕ್ರದ ಹೊಸ ಎಂಜಿನ್ನಿನ ಕೈಯಲ್ಲಿ ಅಷ್ಟು ಕೂಡಿಟ್ಟದ್ದು ಇರುವುದಿಲ್ಲ. ಹಾಗಾಗಿ ಎಂಜಿನ್ ಬದಲಿಸಿದ ಗಾಡಿಗೆ ಕ್ಲಚ್ಚಿನ ನಯ ಮೊದಲಿಗಿಂತ ಹೆಚ್ಚು ಬೇಕು.

ಬಹಳ ಮಂದಿ ಇಲ್ಲಿಯೇ ಸುಲಭದ ದಾರಿ ಹಿಡಿದು ಗೋಕಾರ್ಟಿನ ಸೆಂಟ್ರಿಫ್ಯೂಗಲ್ ಕ್ಲಚ್ ಹಾಕಿಬಿಡುತ್ತಾರೆ. ವೇಗ ಏರಿದಾಗ ಅದರ ಒಳಗಿನ ಶೂಗಳು ಹೊರಕ್ಕೆ ಸಿಡಿದು ಡ್ರಮ್ಮನ್ನು ಹಿಡಿಯುತ್ತವೆ. ಹಗುರ ಕಾರ್ಟಿಗೆ ಅದು ತಕ್ಕದ್ದೇ. ನೇಗಿಲು ಕಟ್ಟಿದ ಗಾಡಿಗೆ ಮಾತ್ರ ಬೇಡ: ನಿಧಾನಕ್ಕೆ ಓಡಿಸಿದರೆ ಜಾರುತ್ತಲೇ ಇದ್ದು ಕಾಯುತ್ತದೆ, ಜೋರಾಗಿ ಓಡುವಾಗ ಬಿಡಿಸಬೇಕೆಂದರೆ ಎಂಜಿನ್ನನ್ನೇ ತಗ್ಗಿಸಬೇಕು. ಮುಖ್ಯವಾಗಿ, ನಿರ್ಧಾರ ಕಾಲಿನದಾಗಿ ಉಳಿಯುವುದಿಲ್ಲ. ವಿದ್ಯುತ್ ಕ್ಲಚ್ಚು ಹುಲ್ಲು ಕತ್ತರಿಸುವ ಬ್ಲೇಡಿಗೆ ಸರಿ. ಅದಕ್ಕೆ ಹಿಡಿ, ಬಿಡು ಎರಡೇ ಗೊತ್ತು.

ಬೆಲ್ಟಿನ ಕ್ಲಚ್ಚಿನ ಮಾತೇ ಬೇರೆ, ಅದಕ್ಕೆ ನನ್ನ ಗೌರವವಿದೆ. ಇಂಡಿಯಾನಾದ ಸೌತ್ ಬೆಂಡಿನ ವೀಲ್ ಹಾರ್ಸ್ ಗಾಡಿಗಳಲ್ಲಿ ಪೆಡಲ್ ತುಳಿದರೆ ಐಡ್ಲರ್ ಪುಲ್ಲಿ ಸರಿದು ಬೆಲ್ಟು ಸಡಿಲವಾಗುತ್ತದೆ. ಬಿಟ್ಟಾಗ ರಬ್ಬರೇ ಜಾರಿ ಜಾರಿ ಹಿಡಿಯುತ್ತದೆ. ಅಂಥ ಗಾಡಿಗೆ ಹೊಸ ಎಂಜಿನ್ ಕೂರಿಸುವುದು ಸಲೀಸು: ತಕ್ಕ ಅಳತೆಯ ಪುಲ್ಲಿ ಹಾಕಿ ಬೆಲ್ಟಿನ ಸಾಲು ನೇರವಾಗುವಂತೆ ನೋಡಿಕೊಂಡರೆ ಮುಗಿಯಿತು.

ನೇರ ಶಾಫ್ಟಿನ ಕಬ್ ಕೆಡೆಟ್ಟಿಗೆ ನಾನು ಮೂರು ಪಿನ್ನಿನ ಕ್ಲಚ್ಚನ್ನೇ ಉಳಿಸಿಕೊಳ್ಳುತ್ತೇನೆ. ಅದಕ್ಕಾಗಿ ಎಂಜಿನ್ನು ತಲೆಬಾಗಬೇಕಾದರೆ ಬಾಗಲಿ. ಈ ಗಾಡಿ ಶಕ್ತಿ ಪಡೆಯುವುದು ಫ್ಲೈವೀಲಿನ ಕಡೆಯಿಂದ. ಹೊಸ ಎಂಜಿನ್ನಿನ ಶಾಫ್ಟು ಇರುವ ಕಡೆಯನ್ನು ಹಿಂದಕ್ಕೆ ತಿರುಗಿಸಿ ಕೂರಿಸಿದರೆ ಸುತ್ತು ಉಲ್ಟಾ ಆಗಿ, ಮುಂದೆ ಹೋಗಬೇಕಾದ ಮೂರು ಗೇರೂ ಹಿಂದಕ್ಕೆ ಹೋಗುತ್ತವೆ! ಆದ್ದರಿಂದ ಶಾಫ್ಟಿನ ತುದಿ ಮುಂದಕ್ಕಿರಬೇಕು. ಹಗ್ಗ ಎಳೆಯುವ ಸ್ಟಾರ್ಟರನ್ನು ತೆಗೆದು, ಫ್ಲೈವೀಲಿಗೆ ಲೇತಿನಲ್ಲಿ ಕಡೆದ ಅಡಾಪ್ಟರ್ ಸೇರಿಸಿ, ಅದರ ಮೇಲೆ ಮೂರು ಪಿನ್ನಿನ ತಟ್ಟೆ ಕೂರಿಸಬೇಕು. ಚಾಲೂ ಮಾಡುವ ಕೆಲಸ ವಿದ್ಯುತ್ ಸ್ಟಾರ್ಟರಿಗೆ. ಖರ್ಚು ಜಾಸ್ತಿ, ತಾಳ್ಮೆ ಇನ್ನೂ ಜಾಸ್ತಿ. ಅಡಾಪ್ಟರ್ ಕೂದಲೆಳೆಯಷ್ಟು ಓರೆಯಾದರೂ ಶಾಫ್ಟು ನಡುಗುತ್ತದೆ, ಪಿನ್ನುಗಳು ಡಿಸ್ಕಿನ ರಂಧ್ರಗಳನ್ನು ತಿಂದು ಮೊಟ್ಟೆಯಾಕಾರ ಮಾಡಿಬಿಡುತ್ತವೆ. ಶಾಫ್ಟಿನ ಮೂತಿಯನ್ನು ಹೊತ್ತ ಕಂಚಿನ ಬುಷ್ಷನ್ನೂ ಆಗಲೇ ಹೊಸದು ಹಾಕಿಬಿಡುವುದು ಮೇಲು.

ಸ್ಪ್ರಿಂಗಿನ ಆಯ್ಕೆಯಲ್ಲಿ ಆಸೆಬುರುಕತನ ಬೇಡ. ಭಾರ ಎಳೆಯುವ ಪಂದ್ಯದವರು ಅತಿ ಗಡುಸಿನ ಸ್ಪ್ರಿಂಗು ಹಾಕುತ್ತಾರೆ. ಅವರ ಓಟ ಕೆಲವೇ ಕ್ಷಣಗಳದ್ದು. ಇಡೀ ಮಧ್ಯಾಹ್ನ ಹುಲ್ಲು ಕತ್ತರಿಸುವವರಿಗೆ ಮೂಲ ಬಲದ ಸ್ಪ್ರಿಂಗೇ ಸಾಕು, ಟೀಸರ್ ಮಾತ್ರ ಹೊಸದಿರಲಿ. ಕೊನೆಗೆ, ಪೆಡಲ್ ತುಳಿದಾಗ ಕ್ಲಚ್ಚನ್ನು ಬಿಡಿಸುವ ಲಿವರಿಗೂ ಅದು ಒತ್ತುವ ಥ್ರೋಔಟ್ ಬೇರಿಂಗಿಗೂ ನಡುವೆ ಮಿಲಿಮೀಟರಿಗಿಂತ ತುಸು ಹೆಚ್ಚು ಸಂದು ಉಳಿಸಿ ನಟ್ಟು ಬಿಗಿಯಬೇಕು. ಸಂದು ಇಲ್ಲದಿದ್ದರೆ ಬೇರಿಂಗು ಬಿಡುವಿಲ್ಲದೆ ಉಜ್ಜಿ ಬೇಗ ಹಾಳಾಗುತ್ತದೆ, ಡಿಸ್ಕೂ ಪೂರ್ತಿ ಹಿಡಿಯುವುದಿಲ್ಲ. ಡಿಸ್ಕು ಸವೆಯುತ್ತ ಹೋದಂತೆ ಈ ಸಂದು ಕಿರಿದಾಗುತ್ತದೆ. ಆಗಾಗ ಫೀಲರ್ ಗೇಜು ಹಾಕಿ ನೋಡುತ್ತಿರಬೇಕು.