ಜೋಕುಮಾರನ ಸೀಮೆಯಲ್ಲಿ ‘ಜೋಕುಮಾರಸ್ವಾಮಿ’

ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯ ಪ್ರಯೋಗಗಳನ್ನು ಕುರಿತು ಅರ್ಧ ಶತಮಾನದಿಂದ ಬರೆಯುತ್ತ ಬಂದವರು ಮತ್ತೆ ಮತ್ತೆ ಕೇಳಿದ ಪ್ರಶ್ನೆ ಒಂದೇ: ಇದರಲ್ಲಿ ಜಾನಪದ ಎಷ್ಟಿದೆ, ಹೇಗಿದೆ? ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಪ್ರೇಕ್ಷಕರಿಗೆ ಈ ಪ್ರಶ್ನೆ ಹುಟ್ಟುವುದೇ ಕಷ್ಟ. ಭಾದ್ರಪದದಲ್ಲಿ ಗಣಪತಿಯ ಬೆನ್ನಿಗೇ ಜೋಕುಮಾರ ಅವರ ಬಾಗಿಲಿಗೆ ಬರುತ್ತಾನೆ. ಅಂಬಿಗರ ಹೆಣ್ಣುಮಕ್ಕಳ ತಲೆಮೇಲಿನ ಬುಟ್ಟಿ, ಬೇವಿನ ಸೊಪ್ಪಿನ ನಡುವೆ ಕೂತ ಮಣ್ಣಿನ ಮೂರ್ತಿ, ಅದರ ಬಾಯಿಗೆ ಮೆತ್ತಿದ ಬೆಣ್ಣೆ. ಅಷ್ಟಮಿಗೆ ಹುಟ್ಟಿದವನು ಹುಣ್ಣಿಮೆಗೆ ಸಾಯುತ್ತಾನೆ. ಕಡಬು ಉಂಡು ಹೋದ ಗಣಪ ಶಿವನ ಮುಂದೆ ಎಲ್ಲರೂ ಸುಖವಾಗಿದ್ದಾರೆ ಅಂದರೆ, ಜೋಕುಮಾರ ಬಡವರ ಪಾಡು ಹೇಳಿ ಮಳೆ ತರಿಸುತ್ತಾನೆ ಎಂಬುದು ಇಲ್ಲಿನ ನಂಬಿಕೆ. ಈ ನಂಬಿಕೆಯ ನೆಲದಲ್ಲಿ ನಿಂತು ನೋಡಿದರೆ ನಮ್ಮ ವಿಮರ್ಶೆ ನಾಟಕದ ಅಂಗಿಯನ್ನು ನೋಡಿದಷ್ಟು ಅದರೊಳಗಿನ ಸಾವನ್ನು ನೋಡಿಲ್ಲ ಎನ್ನಿಸುತ್ತದೆ.

ಕಥೆ ಗೊತ್ತಿದ್ದದ್ದೇ. ಮಕ್ಕಳಿಲ್ಲದ ಗೌಡ್ತಿ ಜೋಕುಮಾರಸ್ವಾಮಿಯ ಹೆಸರಿನಲ್ಲಿ ಗಂಡನಿಗಾಗಿ ಮಾಡಿದ ಪಡವಲಕಾಯಿ ಪಲ್ಯವನ್ನು ಹೊಲದಲ್ಲಿ ಬಸಣ್ಣ ಉಣ್ಣುತ್ತಾನೆ. ಗೌಡ್ತಿ ಬಸಿರಾಗುತ್ತಾಳೆ, ಬಂದೂಕಿನ ಗೌಡ ಬಸಣ್ಣನನ್ನು ಕೊಲ್ಲಿಸುತ್ತಾನೆ. ಉತ್ತವನಿಗೇ ಹೊಲ ಸೇರಬೇಕು ಎನ್ನುವವನು ಬಸಣ್ಣ. ಹೊಲವನ್ನೂ ಹೆಣ್ಣನ್ನೂ ಹೆಸರಿಗಷ್ಟೇ ಇಟ್ಟುಕೊಂಡವನು ಗೌಡ.

1972ರಲ್ಲಿ ಬಿ.ವಿ. ಕಾರಂತರು ಇದನ್ನು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿಗೆ ತಂದರು. ಲಂಕೇಶರ ‘ಸಂಕ್ರಾಂತಿ’, ಅವರೇ ಕನ್ನಡಕ್ಕೆ ತಂದ ‘ಈಡಿಪಸ್’ ಅದೇ ಬಯಲಲ್ಲಿ ಆದವು. ‘ಜೋಕುಮಾರಸ್ವಾಮಿ’ಗೆ ಗಿರೀಶ ಕಾರ್ನಾಡರೂ ಕಂಬಾರರೂ ಬಣ್ಣ ಹಚ್ಚಿದ್ದರು. ಹಿಮ್ಮೇಳ, ಸೂತ್ರಧಾರ, ಬಯಲಾಟದ ಕುಣಿತ, ಕಾರಂತರ ಸಂಗೀತ ಎಲ್ಲ ಸೇರಿ ಅದು ಹೊಸ ಕನ್ನಡ ರಂಗಭೂಮಿಯ ಹಬ್ಬವೇ ಆಯಿತು. ಆದರೆ ಹಬ್ಬವನ್ನು ನೋಡಿದವರು ಹಬ್ಬವನ್ನೇ ಹೊಗಳಿದರು. ನವ್ಯದ ಒಣಗಿದ ಒಳಕೋಣೆಯಿಂದ ನಾಟಕ ಬಯಲಿಗೆ ಬಂತೆಂಬ ಸಂಭ್ರಮದಲ್ಲಿ, ಕೊನೆಗೆ ಹೊಲದಲ್ಲಿ ಬೀಳುವ ಹೆಣ ಒಂದು ಕುಣಿತದ ಕಡೇ ಹೆಜ್ಜೆಯಂತೆ ಕಂಡಿರಬೇಕು. 1975ರಲ್ಲಿ ಭಾರತೀಯ ನಾಟ್ಯ ಸಂಘದ ಕಮಲಾದೇವಿ ಚಟ್ಟೋಪಾಧ್ಯಾಯ ಪ್ರಶಸ್ತಿ ಬಂದ ಮೇಲೆ ಈ ಓದು ಇನ್ನಷ್ಟು ಗಟ್ಟಿಯಾಯಿತು. 1985ರಲ್ಲಿ ಸುರೇಶ್ ಅವಸ್ಥಿ ‘ಬೇರುಗಳ ರಂಗಭೂಮಿ’ಯ ಪರವಾಗಿ ಇಂಗ್ಲಿಷಿನಲ್ಲಿ ಬರೆದರು. ಆಮೇಲಂತೂ ‘ಹಯವದನ’, ‘ಚರಣದಾಸ್ ಚೋರ್’, ‘ಜೋಕುಮಾರಸ್ವಾಮಿ’ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವುದು ರೂಢಿಯಾಯಿತು. ಪರವಾಗಿದ್ದವರೂ, ಇದು ಪೇಟೆಯವರ ಜಾನಪದದ ಷೋಕಿ ಎಂದು ಮೂಗು ಮುರಿದವರೂ ನೋಡಿದ್ದು ರೂಪವನ್ನೇ.

ಎಡಪಂಥೀಯರ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಭೂಮಿಯ ಜಗಳ ಕೊನೆಗೆ ಹಾಸಿಗೆಯ ಜಗಳವಾಗಿಬಿಡುತ್ತದೆ, ಗೌಡ ಷಂಡನಾದ್ದರಿಂದ ಸೋತ ಎಂದರೆ ಷಂಡನಲ್ಲದ ಗೌಡರನ್ನು ಏನು ಮಾಡುವುದು ಎಂದು ಅವರು ಕೇಳಿದರು. ಸ್ತ್ರೀವಾದಿ ಓದಿನವರು ಹೆಣ್ಣನ್ನು ಹೊಲಕ್ಕೆ ಹೋಲಿಸುವುದನ್ನೇ ಪ್ರಶ್ನಿಸಿದರು: ಉಳುವವನಿಗೆ ಹೊಲ ಎಂಬ ನ್ಯಾಯದಲ್ಲಿ ಹೊಲದ ಮಾತು ಕೇಳುವವರು ಯಾರು? ಇದಕ್ಕೆ ಎದುರಾಗಿ ಅಪರ್ಣಾ ಧಾರ್‌ವಾಡ್ಕರ್ 2005ರ ತಮ್ಮ ಪುಸ್ತಕದಲ್ಲಿ ಈ ಮೂರು ನಾಟಕಗಳನ್ನು ಒಟ್ಟಿಗಿಟ್ಟು, ದಿವಾನಖಾನೆಯ ವಾಸ್ತವವಾದಿ ನಾಟಕ ಕೊಡದ ಜಾಗವನ್ನು ಇವು ಹೆಣ್ಣಿಗೆ ಹೇಗೆ ಕೊಟ್ಟವೆಂದು ಚರ್ಚಿಸಿದರು. ನನಗೆ ಇದೇ ಹೆಚ್ಚು ಸರಿ ಕಾಣುತ್ತದೆ. ಬಸಣ್ಣನ ರಾಜಕೀಯ ಕೆಲವು ಕಡೆ ಘೋಷಣೆಯಾಗುತ್ತದೆ. ಗೌಡ್ತಿಯ ಆಸೆ ಒಂದು ಕಡೆಯೂ ಘೋಷಣೆಯಾಗುವುದಿಲ್ಲ. ಯಾವ ಪ್ರಯೋಗದಲ್ಲಿ ಗೌಡ್ತಿಯ ಪಾತ್ರಧಾರಿ ಸೋಲುತ್ತಾಳೋ ಅಲ್ಲಿ ಎಷ್ಟು ಡೊಳ್ಳು ಬಡಿದರೂ ನಾಟಕ ಏಳುವುದಿಲ್ಲ.

ಇನ್ನು ನಮ್ಮ ನಾಲ್ಕು ತಾಲ್ಲೂಕುಗಳ ಮಾತು. ಇಲ್ಲಿನ ಕಿವಿ ಬೇರೆ. ಹಾನಗಲ್ ತಾಲ್ಲೂಕಿನಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿ, ಪುಟ್ಟರಾಜ ಗವಾಯಿಗಳ ಗದುಗಿನ ಆಶ್ರಮಕ್ಕೆ ಸ್ವಂತ ನಾಟಕ ಕಂಪನಿಯೇ ಇತ್ತು. ಕಂಪನಿ ರಂಗಗೀತೆಯಲ್ಲಿ ಪಳಗಿದವರಿಗೆ, ಗುಬ್ಬಿ ಕಂಪನಿಯಲ್ಲಿ ಬೆಳೆದ ಕಾರಂತರ ಸಂಗೀತ ‘ಪ್ರಯೋಗ’ ಅನ್ನಿಸದೆ ಹಳೇ ಪರಿಚಯ ಅನ್ನಿಸುತ್ತದೆ. ಅದಕ್ಕಿಂತ ದೊಡ್ಡ ಸಂಗತಿ ‘ಸಂಗ್ಯಾ ಬಾಳ್ಯಾ’. ಆ ಸಣ್ಣಾಟ ಉತ್ತರ ಕರ್ನಾಟಕದ ಮನಸ್ಸಿಗೆ ಒಂದು ಲೆಕ್ಕ ಕಲಿಸಿದೆ: ಪರರ ಹೆಂಡತಿಯನ್ನು ಬಯಸಿದವನು ಕೊಲೆಯಾಗುತ್ತಾನೆ. ಬಸಣ್ಣನೂ ಕೊಲೆಯಾಗುತ್ತಾನೆ. ಹಾಗಾದರೆ ಇದೂ ಅದೇ ಶಿಕ್ಷೆಯೇ? ಅಲ್ಲ. ಜೋಕುಮಾರ ಸತ್ತರೇ ಮಳೆ. ಬಸಣ್ಣನ ಸಾವಿಗೆ ತಪ್ಪಿನ ಲೆಕ್ಕ ಹತ್ತುವುದಿಲ್ಲ, ಬೆಳೆಯ ಲೆಕ್ಕ ಹತ್ತುತ್ತದೆ. ಸಂಗ್ಯಾನ ಲೆಕ್ಕದಿಂದ ಜೋಕುಮಾರನ ಲೆಕ್ಕಕ್ಕೆ ಪ್ರೇಕ್ಷಕರನ್ನು ದಾಟಿಸುವುದೇ ಈ ಸೀಮೆಯಲ್ಲಿ ನಿರ್ದೇಶಕನ ನಿಜವಾದ ಪರೀಕ್ಷೆ. ಬೆಂಗಳೂರಿನ ವಿಮರ್ಶೆಗೆ ಈ ಪರೀಕ್ಷೆ ಕಾಣಲಿಲ್ಲ. ಅಲ್ಲಿನ ಪ್ರೇಕ್ಷಕರು ಎರಡೂ ಲೆಕ್ಕದ ಹೊರಗಿದ್ದರು.

ಪಕ್ಕದಲ್ಲೇ ಒಂದು ತಮಾಷೆಯೂ ಇದೆ. ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನ ಚಂಪಾ ಹೆಚ್ಚುಕಡಿಮೆ ಅದೇ ಕಾಲಕ್ಕೆ ‘ಕೊಡೆಗಳು’ ಬರೆದು ಅಸಂಗತ ನಾಟಕದ ದಾರಿ ಹಿಡಿದರು. ಜೋಕುಮಾರನ ಬುಟ್ಟಿ ನೋಡುತ್ತ ಬೆಳೆದ ಸೀಮೆಯವರು ಯುರೋಪಿನ ಕಡೆ ಮುಖ ಮಾಡಿದ್ದೂ ಈ ಮಣ್ಣಿನದೇ ಕಥೆ. ವಿಮರ್ಶೆ ಒಂದನ್ನು ‘ಬೇರು’ ಎಂದಿತು, ಇನ್ನೊಂದನ್ನು ‘ಆಮದು’ ಎಂದಿತು. ಇಷ್ಟು ಸುಲಭದ ವಿಂಗಡಣೆಯನ್ನು ನಾನು ನಂಬುವುದಿಲ್ಲ.

ನಾಟಕ ಬಂದ ಎರಡೇ ವರ್ಷಕ್ಕೆ, 1974ರ ಮಾರ್ಚ್ 1ರಿಂದ, ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಯಾಯಿತು. ಬಸಣ್ಣ ಕೇಳಿದ್ದು ಕಾನೂನಾಯಿತು. ಆಮೇಲಿನ ಪ್ರಯೋಗಗಳಲ್ಲಿ ಗೌಡ ಮೀಸೆ ತಿರುವುವ ಹಾಸ್ಯಗಾರನಾಗುವ ಅಪಾಯ ಅಲ್ಲಿಂದಲೇ ಶುರು: ಹೆದರಿಕೆ ಹೋದಮೇಲೆ ಉಳಿಯುವುದು ನಗೆ. ನಗಿಸುವ ಗೌಡನ ಕೈಯಲ್ಲಿ ಬಂದೂಕು ಆಟಿಕೆಯಾಗುತ್ತದೆ, ಬಸಣ್ಣನ ಸಾವು ಹಗುರಾಗುತ್ತದೆ. ಆದರೆ 2020ರ ತಿದ್ದುಪಡಿ 79ಎ, 79ಬಿ ಕಲಮುಗಳನ್ನು ತೆಗೆದು, ಒಕ್ಕಲುತನ ಮಾಡದವರೂ ಜಮೀನು ಕೊಳ್ಳಲು ದಾರಿ ಮಾಡಿದೆ. ಹಿರೇಕೆರೂರಿನ ಗೋವಿನಜೋಳದ ಹೊಲದ ಬದುವಿನಲ್ಲಿ ನಾಳೆ ನಿಲ್ಲುವ ಗೌಡನಿಗೆ ಬಂದೂಕೂ ಬೇಡ, ಮೀಸೆಯೂ ಬೇಡ. ಈ ಗೌಡನನ್ನು ರಂಗದ ಮೇಲೆ ಕಾಣಿಸುವ ಪ್ರಯೋಗ ಬಂದರೆ ನಾಟಕ ಇನ್ನೊಮ್ಮೆ ಹುಟ್ಟುತ್ತದೆ.

ಅದನ್ನು ಮಾಡುವ ಶಕ್ತಿ ಇಲ್ಲಿದೆ. ಹಾನಗಲ್ ತಾಲ್ಲೂಕಿನ ಶೇಷಗಿರಿಯಂಥ ಪುಟ್ಟ ಊರು ತನ್ನದೇ ತಂಡ, ತನ್ನದೇ ರಂಗಮಂದಿರ ಕಟ್ಟಿಕೊಂಡಿದೆ. ಶಿಗ್ಗಾಂವಿ ಪಕ್ಕದ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವೇ ಇದೆ. ದೊಡ್ಡಾಟಕ್ಕೆ ಜೀವ ತೇಯ್ದ ಟಿ.ಬಿ. ಸೊಲಬಕ್ಕನವರ ಶಿಲ್ಪಗಳ ತೋಟವೂ ಅಲ್ಲೇ. ಇಲ್ಲದಿರುವುದು ವಿಮರ್ಶೆ. ಊರಿನಲ್ಲಾದ ನಾಟಕಕ್ಕೆ ಮರುದಿನ ಪತ್ರಿಕೆಯಲ್ಲಿ ಸಿಗುವುದು ಉದ್ಘಾಟಕರ, ಅತಿಥಿಗಳ ಹೆಸರು, ಕೊನೆಗೆ ‘ಜನಮನ ಸೆಳೆಯಿತು’ ಎಂಬ ಒಂದು ಸಾಲು. ಯಾವ ಜನ, ಯಾವ ಮನ, ಯಾವ ದೃಶ್ಯಕ್ಕೆ ನಕ್ಕರು, ಎಲ್ಲಿ ಸುಮ್ಮನಾದರು ಎಂಬುದು ದಾಖಲಾಗುವುದಿಲ್ಲ. ಬುಟ್ಟಿ ಹೊತ್ತು ಹಾಡುವ ಹೆಣ್ಣುಮಕ್ಕಳು ಈ ನಾಟಕ ನೋಡಿ ಏನಂದರು ಎಂದು ನಮ್ಮ ವಿಮರ್ಶಕರು ಕೇಳಬೇಕಿತ್ತು. ಮುಂದಿನ ಪ್ರಯೋಗಕ್ಕಾದರೂ ಯಾರಾದರೂ ಕೇಳಿ ಬರೆಯಲಿ.