ಚಿತ್ರದ ಬಾಲದಲ್ಲಿ ಒಂಬತ್ತು ಸೆಕೆಂಡು

ಗ್ಯಾಲಕ್ಸಿ ಎಸ್4 ಫೋನನ್ನು ಸ್ಯಾಮ್‌ಸಂಗ್ 2013ರಲ್ಲಿ ಮಾರುಕಟ್ಟೆಗೆ ಬಿಟ್ಟಾಗ ಅದರ ಕ್ಯಾಮೆರಾದಲ್ಲಿ ಕಸರತ್ತುಗಳಿಗೆ ಬರವಿರಲಿಲ್ಲ. ಹಿಂದಿನದು ಮುಂದಿನದು ಎರಡೂ ಕ್ಯಾಮೆರಾ ಒಟ್ಟಿಗೆ ಕ್ಲಿಕ್ಕಿಸಬಹುದಿತ್ತು, ಚೌಕಟ್ಟಿಗೆ ಅಡ್ಡಬಂದವರನ್ನು ಅಳಿಸಬಹುದಿತ್ತು. ನಾಲ್ಕು ದಿನ ಆಡಿ ಜನ ಮರೆತರು. ಆ ಪಟ್ಟಿಯಲ್ಲಿ 'ಸೌಂಡ್ ಆಂಡ್ ಶಾಟ್' ಎಂಬುದೂ ಇತ್ತು. ಫೋಟೊ ತೆಗೆದರೆ ಜೊತೆಗೆ ಹೆಚ್ಚೆಂದರೆ 9 ಸೆಕೆಂಡಿನ ಸದ್ದನ್ನೂ ಅದೇ ಫೈಲಿನೊಳಗೆ ಹಿಡಿದಿಡುತ್ತಿತ್ತು. ಅದನ್ನೂ ಮರೆತರು. ನನ್ನನ್ನು ಕೇಳಿದರೆ ಆ ಇಡೀ ಪಟ್ಟಿಯಲ್ಲಿ ಉಳಿಸಿಕೊಳ್ಳಬೇಕಿದ್ದದ್ದು ಅದೊಂದನ್ನೇ.

ವಿಡಿಯೊ ಇರುವಾಗ ಇದೇಕೆ ಎಂದು ಕೇಳುವವರಿದ್ದಾರೆ. ವಿಡಿಯೊದಲ್ಲಿ ಕಣ್ಣು ಚಲನೆಯ ಬೆನ್ನುಹತ್ತುತ್ತದೆ, ಕಿವಿಗೆ ಅರ್ಧ ರಜೆ. ಚಿತ್ರ ನಿಂತು ಸದ್ದು ಮಾತ್ರ ಹರಿದಾಗಲೇ ನೋಡುವವರು ಕೇಳಲು ಶುರುಮಾಡುವುದು. ಯಕ್ಷಗಾನದ ಚೌಕಿಯಲ್ಲಿ ಕನ್ನಡಿ ಹಿಡಿದು ಬಣ್ಣ ಹಚ್ಚಿಕೊಳ್ಳುತ್ತಿರುವ ವೇಷಧಾರಿಯ ಚಿತ್ರವಿದೆ ಎನ್ನಿ. ಅದಕ್ಕೆ ರಂಗಸ್ಥಳದ ಕಡೆಯಿಂದ ಬರುವ ಚೆಂಡೆಯ ಸದ್ದು ಸೇರಿದರೆ ಚಿತ್ರದ ಹೊರಗೆ ನಡೆಯುತ್ತಿರುವ ಆಟವೂ ಒಳಗೆ ಬಂತು. ಚೌಕಟ್ಟಿನಲ್ಲಿ ಇಲ್ಲದ್ದನ್ನು ಸದ್ದು ತಂದುಕೊಡಬೇಕು. ನಗುತ್ತಿರುವವರ ಚಿತ್ರಕ್ಕೆ ನಗೆಯ ಸದ್ದನ್ನೇ ಅಂಟಿಸಿದರೆ ಜಾಗ ದಂಡ. 9 ಸೆಕೆಂಡು ಸಾಲದು ಎಂಬ ದೂರನ್ನೂ ನಾನು ಒಪ್ಪುವವನಲ್ಲ. ಒಂದು ಚಿತ್ರದ ಮುಂದೆ ಅದಕ್ಕಿಂತ ಹೆಚ್ಚು ಹೊತ್ತು ನಾವು ನಿಲ್ಲುವುದೇ ಅಪರೂಪ.

ಹಾಗಾದರೆ ಆ ಸದ್ದು ಫೈಲಿನಲ್ಲಿ ಕೂತಿರುವುದು ಎಲ್ಲಿ? ಜೆಪೆಗ್ ಫೈಲಿನ ಮೊದಲ ಎರಡು ಬೈಟ್‌ಗಳು ಯಾವತ್ತೂ 'ಎಫ್‌ಎಫ್ ಡಿ8'. ಚಿತ್ರ ಮುಗಿಯಿತು ಎಂದು ಹೇಳುವ ಗುರುತು 'ಎಫ್‌ಎಫ್ ಡಿ9'. ಚಿತ್ರ ತೋರಿಸುವ ತಂತ್ರಾಂಶ ಅಲ್ಲಿಯವರೆಗೆ ಓದಿ ಕೈತೊಳೆದುಕೊಳ್ಳುತ್ತದೆ. ಗಾರ್ಡ್ ಡಬ್ಬಿ ದಾಟಿದ್ದನ್ನು ಕಂಡು ಗೇಟು ತೆಗೆಯುವ ಗೇಟ್‌ಮ್ಯಾನ್‌ ಹಾಗೆ; ಅದರ ಹಿಂದೆ ಇನ್ನೊಂದು ಡಬ್ಬಿ ಕೊಂಡಿ ಹಾಕಿಕೊಂಡು ಬರುತ್ತಿದ್ದರೂ ಅವನ ಲೆಕ್ಕದಲ್ಲಿ ರೈಲು ಹೋಯಿತು. ಸ್ಯಾಮ್‌ಸಂಗ್ ಎಂಜಿನಿಯರುಗಳು ಸದ್ದನ್ನು ಜೋಡಿಸಿದ್ದು ಆ ಹೆಚ್ಚಿನ ಡಬ್ಬಿಯಲ್ಲಿ. ಮೊದಲು 'ಸೌಂಡ್‌ಶಾಟ್' ಎಂಬ ಹೆಸರು, ಅದರ ಬೆನ್ನಿಗೆ ಎಂಪಿ4 ರೂಪದ ಧ್ವನಿ, ಕಟ್ಟಕಡೆಗೆ ಯಾವುದು ಎಲ್ಲಿದೆ ಎಂದು ಹೇಳುವ ಸಣ್ಣ ಪಟ್ಟಿ. ಆ ಪಟ್ಟಿಯ ತಲೆಗೆ 'ಎಸ್‌ಇಎಫ್‌ಎಚ್', ಬುಡಕ್ಕೆ 'ಎಸ್‌ಇಎಫ್‌ಟಿ' ಎಂಬ ಮುದ್ರೆ. ಅದನ್ನು ಓದಬಲ್ಲದ್ದು ಸ್ಯಾಮ್‌ಸಂಗ್‌ನ ಗ್ಯಾಲರಿ. ಅದೇ ಫೈಲನ್ನು ಕಂಪ್ಯೂಟರಿಗೆ ಹಾಕಿ ತೆರೆದರೆ ಮೂಕ ಫೋಟೊ, ಒಳಗೆ ಧ್ವನಿ ಇದೆಯೆಂಬ ಸುಳಿವೂ ಇಲ್ಲ. ಗಾತ್ರ ನೋಡಿಯೂ ಗೊತ್ತಾಗದು. ಸೆಕೆಂಡಿಗೆ 128 ಕಿಲೊಬಿಟ್ ಎಂದು ಹಿಡಿದರೂ 9 ಸೆಕೆಂಡಿಗೆ 144 ಕಿಲೊಬೈಟ್ ಅಷ್ಟೇ. ಹಲವು ಮೆಗಾಬೈಟಿನ ಫೋಟೊದಲ್ಲಿ ಅದು ಯಾವ ಮೂಲೆ.

ಅದನ್ನು ಹೊರತೆಗೆಯುವುದು ಈ ಹವ್ಯಾಸದ ನಿಜವಾದ ರುಚಿ. ಬೈಟ್‌ಗಳನ್ನು ಇದ್ದಂತೆಯೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ಫೈಲನ್ನು ತೆರೆಯಿರಿ. ಹೊಸಬರು ಮೇಲಿನಿಂದ 'ಎಫ್‌ಎಫ್ ಡಿ9' ಹುಡುಕಿಕೊಂಡು ಹೋಗಿ ಸಿಕ್ಕಿಬೀಳುತ್ತಾರೆ. ಯಾಕೆಂದರೆ ಫೈಲಿನ ಆರಂಭದಲ್ಲೇ, ಕ್ಯಾಮೆರಾ ಬರೆದಿಡುವ ಎಕ್ಸಿಫ್ ಮಾಹಿತಿಯೊಳಗೆ, ಅಂಗುಷ್ಠದಷ್ಟು ಪುಟ್ಟ ಇನ್ನೊಂದು ಜೆಪೆಗ್ ಇರುತ್ತದೆ. ಅದಕ್ಕೂ ತನ್ನದೇ ಆದ ಮುಕ್ತಾಯದ ಗುರುತಿದೆ. ಕೆಳಗಿನಿಂದ ಹುಡುಕಿದರೆ ಧ್ವನಿಯ ಬೈಟ್‌ಗಳ ನಡುವೆಯೇ ಆಕಸ್ಮಿಕವಾಗಿ ಅದೇ ಜೋಡಿ ಎದುರಾಗಬಹುದು. ಆದ್ದರಿಂದ ಎಂಪಿ4 ತನ್ನ ಗುರುತಿಗೆ ಇಟ್ಟುಕೊಂಡ 'ಎಫ್‌ಟಿವೈಪಿ' ಎಂಬ ನಾಲ್ಕಕ್ಷರ ಹುಡುಕಿ. ಅದು ಸಿಕ್ಕಿದ ಜಾಗದಿಂದ ಸರಿಯಾಗಿ 4 ಬೈಟ್ ಹಿಂದಕ್ಕೆ ಬನ್ನಿ. ಆ ನಾಲ್ಕರಲ್ಲಿ ಮೊದಲ ಪೆಟ್ಟಿಗೆಯ ಅಳತೆ ಬರೆದಿರುತ್ತದೆ, ಅದನ್ನು ಬಿಟ್ಟು ಕತ್ತರಿಸಿದರೆ ಯಾವ ಪ್ಲೇಯರೂ ಬಾಯಿ ಬಿಡುವುದಿಲ್ಲ. ಅಲ್ಲಿಂದ ಕೊನೆಯವರೆಗೆ ಆಯ್ದು ಬೇರೆ ಫೈಲಾಗಿ ಉಳಿಸಿ, ಎಂಪಿ4 ಎಂಬ ವಿಸ್ತರಣೆ ಕೊಡಿ. ಬಾಲದಲ್ಲಿ ಉಳಿದ ಸ್ಯಾಮ್‌ಸಂಗ್ ಪಟ್ಟಿಯನ್ನು ಹೆಚ್ಚಿನ ಪ್ಲೇಯರುಗಳು ಕ್ಯಾರೇ ಅನ್ನುವುದಿಲ್ಲ. ಇಷ್ಟೆಲ್ಲ ಯಾರು ಮಾಡುತ್ತಾರೆ ಎನ್ನುವವರಿಗೆ ಫಿಲ್ ಹಾರ್ವಿಯವರ ಎಕ್ಸಿಫ್‌ಟೂಲ್ ಇದೆ, ಉಚಿತ. ಸ್ಯಾಮ್‌ಸಂಗ್ ಬಾಲವನ್ನು ಅದು ಬಲ್ಲದು. ಒಂದೇ ಆಜ್ಞೆಗೆ ಧ್ವನಿಯನ್ನು ಕಿತ್ತು ಕೈಗಿಡುತ್ತದೆ. ಸಾವಿರ ಫೋಟೊ ಇದ್ದವರಿಗೆ ಬೇರೆ ದಾರಿಯೂ ಇಲ್ಲ.

ಗೂಗಲ್ ಹಿಡಿದ ದಾರಿ ಬೇರೆ. 2015ರ ಕೊನೆಯಲ್ಲಿ ಬಂದ ಕಾರ್ಡ್‌ಬೋರ್ಡ್ ಕ್ಯಾಮೆರಾ ಆ್ಯಪ್ ನಿಂತಲ್ಲೇ ಸುತ್ತುತ್ತ ತೆಗೆದ ಚಿತ್ರದ ಜೊತೆ ಸುತ್ತಲಿನ ಸದ್ದನ್ನೂ ಹಿಡಿಯುತ್ತಿತ್ತು. ಆ ಸದ್ದು ಬಾಲದಲ್ಲಿಲ್ಲ, ತಲೆಯಲ್ಲಿದೆ. ಅಂದರೆ ಫೋಟೊದ ವಿವರ ಬರೆಯುವ ಎಕ್ಸ್‌ಎಂಪಿ ಭಾಗದಲ್ಲಿ. ಆ ಭಾಗ ಅಕ್ಷರಗಳಿಗೆ ಮೀಸಲು, ಬರಿ ಬೈಟ್ ತುರುಕುವಂತಿಲ್ಲ. ಹಾಗಾಗಿ ಧ್ವನಿಯನ್ನು 'ಬೇಸ್64' ಎಂಬ ಅಕ್ಷರರೂಪಕ್ಕೆ ಇಳಿಸಬೇಕು, ಅದರಿಂದ ಗಾತ್ರ ಮೂರನೇ ಒಂದು ಪಾಲು ಉಬ್ಬುತ್ತದೆ. ಜೆಪೆಗ್‌ನ ಇಂಥ ಒಂದೊಂದು ಕೋಣೆಗೂ 64 ಕಿಲೊಬೈಟಿನ ಮಿತಿ ಬೇರೆ. ಆದ್ದರಿಂದ ತುಂಡು ತುಂಡಾಗಿ ಹಲವು ಕೋಣೆಗಳಿಗೆ ಹಂಚಬೇಕು. ಹೊರತೆಗೆಯುವವರು ತುಂಡುಗಳನ್ನು ಕ್ರಮವಾಗಿ ಜೋಡಿಸಿ, ನಡುವೆ ಬರುವ ತಲೆಬರಹಗಳನ್ನು ಕಿತ್ತು, ಅಕ್ಷರವನ್ನು ಮತ್ತೆ ಬೈಟ್ ಮಾಡಬೇಕು. ಶಾಸ್ತ್ರೋಕ್ತ ವಿಧಾನ ಇದೇ ಎಂದು ಪಂಡಿತರು ಹೇಳಬಹುದು. ನನಗೇನೋ ಸ್ಯಾಮ್‌ಸಂಗ್‌ನ ಒರಟು ಬಾಲವೇ ಮೇಲು. ಎಕ್ಸಿಫ್‌ಟೂಲ್ ಇಲ್ಲದ ಕಾಲ ಬಂದರೂ ಅದನ್ನು ಕೈಯಿಂದ ಕತ್ತರಿಸಬಹುದು.

ಮೂರನೆಯ ದಾರಿ ಎಲ್ಲಕ್ಕಿಂತ ಹಳೆಯದು. ಎಕ್ಸಿಫ್ ನಿಯಮದಲ್ಲಿ ಫೋಟೊಗೆ ಸಂಬಂಧಿಸಿದ ಧ್ವನಿಫೈಲಿನ ಹೆಸರು ಬರೆಯಲು ಒಂದು ಜಾಗ ಇಟ್ಟಿದ್ದಾರೆ. ಧ್ವನಿ ಮಾತ್ರ ಪಕ್ಕದಲ್ಲಿ ವೇವ್ ಫೈಲಾಗಿ ಬೇರೆಯೇ ಇರುತ್ತದೆ. ಕ್ಯಾನನ್, ನಿಕಾನ್‌ಗಳ ದುಬಾರಿ ಕ್ಯಾಮೆರಾಗಳಲ್ಲಿ ಧ್ವನಿಟಿಪ್ಪಣಿಯ ಗುಂಡಿ ಇರುವುದು ಪತ್ರಿಕಾ ಛಾಯಾಗ್ರಾಹಕರಿಗಾಗಿ: ಎಡದಿಂದ ಮೂರನೆಯವರು ಯಾರು, ಗೋಲು ಹೊಡೆದವರ ಅಂಗಿಯ ಸಂಖ್ಯೆ ಎಷ್ಟು ಎಂದು ಉಸುರಿಟ್ಟುಕೊಳ್ಳಲು. ಆ್ಯಪಲ್ 2015ರಲ್ಲಿ ಐಫೋನ್ 6ಎಸ್ ಜೊತೆ ತಂದ ಲೈವ್ ಫೋಟೊ ಕೂಡ ಒಳಗಿಂದ ಇದೇ ಜಾತಿ. ಕ್ಲಿಕ್ಕಿಗೆ ಒಂದೂವರೆ ಸೆಕೆಂಡು ಮುಂಚಿನದು, ಒಂದೂವರೆ ಸೆಕೆಂಡು ನಂತರದ್ದು ಸೇರಿ ಒಂದು ಪುಟ್ಟ ವಿಡಿಯೊ, ಪಕ್ಕದಲ್ಲಿ ಫೋಟೊ. ಕಂಪ್ಯೂಟರಿಗೆ ಇಳಿಸಿ ಜಾಗ ಉಳಿಸಲೆಂದು ವಿಡಿಯೊ ಅಳಿಸಿದರೆ ಸದ್ದೂ ಅದರ ಜೊತೆಗೇ ಹೋಯಿತು.

ಇದರ ತಿರುವುಮುರುವು ನಡೆದದ್ದು 1977ರಲ್ಲಿ, ವಾಯೇಜರ್ ನೌಕೆಗಳಲ್ಲಿ ಕಳಿಸಿದ ಚಿನ್ನದ ಲೇಪದ ಧ್ವನಿತಟ್ಟೆಯಲ್ಲಿ. ಅಲ್ಲಿ ಚಿತ್ರದೊಳಗೆ ಧ್ವನಿಯ ಬದಲು ಧ್ವನಿಯೊಳಗೆ ಚಿತ್ರ. 115 ಚಿತ್ರಗಳನ್ನು ಸದ್ದಿನ ಅಲೆಗಳಾಗಿ ಕೊರೆದಿದ್ದಾರೆ. ಬಣ್ಣದ ಚಿತ್ರವಾದರೆ ಕೆಂಪು, ಹಸಿರು, ನೀಲಿ ಎಂದು ಮೂರು ಸಲ. ತಟ್ಟೆಯನ್ನು ಹಾಗೇ ಹಾಕಿ ಕೇಳಿದರೆ ಕಿವಿಗೆ ಬರುವುದು ಕರ್ಕಶವಾದ ಗರಗರ. 55 ಭಾಷೆಗಳ ಶುಭಾಶಯಗಳೂ ಅದೇ ತಟ್ಟೆಯಲ್ಲಿವೆ, ಅವುಗಳಲ್ಲಿ ಕನ್ನಡದ್ದೂ ಒಂದು. ಕನ್ನಡದ ದನಿ, ಭೂಮಿಯ ಚಿತ್ರ ಒಂದೇ ತಟ್ಟೆಯಲ್ಲಿ ಕೂತು ಗ್ರಹಗಳನ್ನೆಲ್ಲ ದಾಟಿ ಹೋಗಿವೆ. ನಮ್ಮ ಕೈಯಲ್ಲಿರುವ ಫೋಟೊದ ಸದ್ದು ಮಾತ್ರ ಪಕ್ಕದ ಬೀದಿಯವರೆಗೂ ಹೋಗಿ ತಲುಪುವುದಿಲ್ಲ.

ಕಾರಣ ಸರಳ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಚಿತ್ರವನ್ನು ಬಿಚ್ಚಿ, ಕಿರಿದಾಗಿಸಿ, ಹೊಸದಾಗಿ ಬರೆಯುತ್ತದೆ. ಬಾಲವೂ ಇಲ್ಲ, ತಲೆಯೂ ಇಲ್ಲ. ಅಡ್ಡ ಬಂದಿದ್ದ ಫೋಟೊವನ್ನು ಯಾವುದೋ ತಂತ್ರಾಂಶದಲ್ಲಿ ತಿರುಗಿಸಿ ಉಳಿಸಿದರೂ ಬಹಳ ಸಲ ಇದೇ ಗತಿ. ಎಚ್ಚರಿಕೆಯ ಒಂದು ಮಾತೂ ಪರದೆಯ ಮೇಲೆ ಬರುವುದಿಲ್ಲ, ಅದೇ ನನಗೆ ಸಿಟ್ಟು ತರಿಸುವುದು. ಡಾಕ್ಯುಮೆಂಟ್ ಎಂದು ಆಯ್ದು ಕಳಿಸಿದರೆ ಬೈಟು ಬೈಟೂ ಕ್ಷೇಮ. ಆಗ ಇನ್ನೊಂದು ಅಪಾಯ: ಚಿತ್ರದ ಬೆನ್ನಿಗೆ ಕೂತ ಮನೆಯೊಳಗಿನ ಮಾತೂ ಹಾಗೇ ಹೋಗುತ್ತದೆ. ಕಳಿಸುವ ಮುನ್ನ ಒಮ್ಮೆ ಕೇಳಿಕೊಳ್ಳಿ.

ಸ್ವಂತವಾಗಿ ಧ್ವನಿ ಸೇರಿಸಬೇಕೆನ್ನುವವರಿಗೆ ನನ್ನ ಶಿಫಾರಸು ಜಿಪ್. ಜೆಪೆಗ್ಗನ್ನು ತಲೆಯಿಂದ ಓದುತ್ತಾರೆ, ಜಿಪ್ಪಿನ ಪಟ್ಟಿ ಇರುವುದು ಬುಡದಲ್ಲಿ. ವೇವ್ ಫೈಲನ್ನೂ ಊರು, ದಿನ, ಹೆಸರು ಬರೆದ ಸಣ್ಣ ಟಿಪ್ಪಣಿಯನ್ನೂ ಜಿಪ್ ಮಾಡಿ. ವಿಂಡೋಸ್‌ನ ಕಾಪಿ ಆಜ್ಞೆಗೆ '/ಬಿ' ಸೇರಿಸಿ ಅದನ್ನು ಫೋಟೊದ ಹಿಂದೆ ಅಂಟಿಸಿ. ಫೋಟೊ ಫೋಟೊವಾಗಿಯೇ ತೆರೆಯುತ್ತದೆ, 7-ಜಿಪ್‌ನಲ್ಲಿ ತೆರೆದರೆ ಧ್ವನಿ ಸಿಗುತ್ತದೆ. ಆದರೂ ಅದೇ ಹೆಸರಿನ ವೇವ್ ಫೈಲೊಂದು ಪಕ್ಕದಲ್ಲಿ ಬೇರೆಯಾಗಿ ಇರಲಿ.

ಹಳೆಯ ಎಸ್4 ಯಾರ ಮನೆಯ ಕಪಾಟಿನಲ್ಲಾದರೂ ಇದ್ದರೆ ಬ್ಯಾಟರಿ ಉಬ್ಬುವ ಮೊದಲೇ ಕೇಬಲ್ ಹಾಕಿ ಫೋಟೊಗಳನ್ನು ಇಳಿಸಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳುವ ಕೆಲಸ ಮಾತ್ರ ಮಾಡಬೇಡಿ.